ಮೂರು ಕಾಲಿನ ಚರಿತ್ರೆ ಮತ್ತು ನಮ್ಮ ಶಾಲೆಯ ಒಂದು ಫೋಟೋ



ಕಳೆದ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಒಂದು ಸಣ್ಣ ಚರ್ಚೆ ನಡೆಯಿತು. ಶಾಲೆಗೆ ಒಂದು ಕ್ಯಾಮರಾ ಸ್ಟ್ಯಾಂಡ್ ಬೇಕು, ಯಾವುದು ತರುವುದು? "ಎಲ್ಲದಕ್ಕೂ ಮೂರೇ ಕಾಲು ತಾನೇ ಮಾಷ್ಟ್ರೇ, ಕಡಿಮೆ ಕ್ರಯದ್ದು ತಂದರೆ ಸಾಲದೇ?" ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆಗ ನನಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಮನೆಗೆ ಬಂದು ಯೋಚಿಸಿದ ಮೇಲೆ, ಈ ಮೂರು ಕಾಲಿಗೂ ಒಂದು ದೊಡ್ಡ ಚರಿತ್ರೆಯಿದೆ, ಆ ಚರಿತ್ರೆ ತಿಳಿದರೆ ಯಾವುದನ್ನು ಕೊಳ್ಳಬೇಕೆಂಬುದೂ ತಿಳಿಯುತ್ತದೆ ಎನ್ನಿಸಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ಟ್ಯಾಂಡ್ ಯಾಕೆ ಬೇಕಾಯಿತು ಎಂಬುದನ್ನು ಹೇಳಬೇಕು. ಸ್ಟಾಫ್ ರೂಮಿನ ಕಪಾಟಿನಲ್ಲಿ ನಮ್ಮ ಶಾಲೆಯ ಒಂದು ಹಳೆಯ ಗ್ರೂಪ್ ಫೋಟೋ ಇದೆ. 1956ರ ಮಾರ್ಚಿನದ್ದು. ಮುಂದಿನ ಸಾಲಿನ ಹುಡುಗ ಹಿಡಿದಿರುವ ಸ್ಲೇಟಿನಲ್ಲಿ ಶಾಲೆಯ ಹೆಸರಿನ ಕೆಳಗೆ 'ದಕ್ಷಿಣ ಕನ್ನಡ ಜಿಲ್ಲೆ' ಎಂದು ಬರೆದಿದೆ. ಅದೇ ವರ್ಷ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅಂದರೆ ಆ ಸ್ಲೇಟಿನಲ್ಲಿ ಹಾಗೆ ಬರೆಯಲು ಸಾಧ್ಯವಿದ್ದ ಕೊನೆಯ ಪೂರ್ಣ ಶಾಲಾವರ್ಷದ ಚಿತ್ರ ಅದು. ಈಗ ಅದರ ಅಂಚಿಗೆ ಗೆದ್ದಲು ಹಿಡಿದಿದೆ, ಮಳೆಗಾಲದ ತೇವಕ್ಕೆ ಒಂದು ಮೂಲೆ ಎದ್ದು ಬಂದಿದೆ. ಇನ್ನು ನಾಲ್ಕು ಮಳೆಗಾಲ ಕಳೆದರೆ ಉಳಿಯುತ್ತದೆಂಬ ಧೈರ್ಯ ನನಗಿಲ್ಲ. ಮೊಬೈಲನ್ನು ಕೈಯಲ್ಲೇ ಹಿಡಿದು ಅದರ ಪ್ರತಿ ತೆಗೆದು ನೋಡಿದೆ. ದೂರದಿಂದ ಚೆನ್ನಾಗಿಯೇ ಕಂಡಿತು. ದೊಡ್ಡದು ಮಾಡಿದರೆ ಮುಖಗಳೆಲ್ಲ ಕಲಸಿಹೋಗಿದ್ದವು. ಕೈ ಅಲುಗಿತ್ತು.

ಅಲುಗುವುದು! ಫೋಟೋಗ್ರಫಿಯ ಹುಟ್ಟಿನಿಂದಲೂ ಅದೇ ಸಮಸ್ಯೆ. ಫ್ರಾನ್ಸಿನ ನಿಯೆಪ್ಸ್ 1826-27ರ ಸುಮಾರಿಗೆ ತನ್ನ ಕಿಟಕಿಯಿಂದ ತೆಗೆದ ಚಿತ್ರ, ಕ್ಯಾಮರಾದಿಂದ ತೆಗೆದು ಇಂದಿಗೂ ಉಳಿದಿರುವ ಚಿತ್ರಗಳಲ್ಲಿ ಅತಿ ಹಳೆಯದು. ಅದು ಮೂಡಲು ಕನಿಷ್ಠ ಎಂಟು ಗಂಟೆ ಬೇಕಾಯಿತು. 1838ರಲ್ಲಿ ಡಾಗೇರ್ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದ. ಹಲವು ನಿಮಿಷಗಳ ಎಕ್ಸ್‌ಪೋಷರ್. ಜನ, ಗಾಡಿಗಳು ಓಡಾಡುತ್ತಿದ್ದ ಬೀದಿ ಚಿತ್ರದಲ್ಲಿ ಖಾಲಿ! ಚಲಿಸಿದ್ದೊಂದೂ ಮೂಡಿಲ್ಲ. ಒಂದು ಮೂಲೆಯಲ್ಲಿ ಮಾತ್ರ, ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಒಂದೇ ಕಡೆ ನಿಂತಿದ್ದ ಒಬ್ಬ ಮನುಷ್ಯ ಕಾಣುತ್ತಾನೆ. ನಿಂತವನು ಉಳಿದ, ನಡೆದವರು ಅಳಿಸಿಹೋದರು. ಮುಂದೆ ಸ್ಟುಡಿಯೋಗಳು ಬಂದಾಗ ಮನುಷ್ಯರನ್ನೂ ಅಲುಗದಂತೆ ಮಾಡಬೇಕಾಯಿತು. ಕುರ್ಚಿಯ ಹಿಂದೆ ಕಬ್ಬಿಣದ ಒಂದು ಸ್ಟ್ಯಾಂಡ್ ಇಟ್ಟು, ಅದರ ಇಕ್ಕಳಕ್ಕೆ ತಲೆ ಆನಿಸಿ ಕೂರಿಸುತ್ತಿದ್ದರು. ಹಳೆಯ ಫೋಟೋಗಳಲ್ಲಿ ನಮ್ಮ ಅಜ್ಜಂದಿರ ಕಾಲದವರು ಗಂಟುಮುಖ ಹಾಕಿರುವುದಕ್ಕೆ ಇಂಥ ಕಾರಣವೂ ಇದೆ.

ಹಾಗಾದರೆ ಕ್ಯಾಮರಾಕ್ಕೆ ಮೂರೇ ಕಾಲು ಯಾಕೆ? ಇದನ್ನು ತರಗತಿಯಲ್ಲಿ ಮಕ್ಕಳಿಗೆ ಕೇಳಿದೆ. ಒಬ್ಬಳು ತಾನು ಕುಳಿತ ಬೆಂಚನ್ನು ಅಲ್ಲಾಡಿಸಿ ತೋರಿಸಿದಳು, "ಇದಕ್ಕೆ ನಾಲ್ಕು ಕಾಲು ಸರ್, ಅದಕ್ಕೇ ಕುಂಟುತ್ತದೆ!" ಪೂರ್ಣ ಅಂಕ. ಯಾವುದೇ ಮೂರು ಬಿಂದುಗಳು ಒಂದು ಸಮತಲದಲ್ಲಿ ಇದ್ದೇ ಇರುತ್ತವೆ, ನಾಲ್ಕನೆಯದು ಇರಲೇಬೇಕೆಂದಿಲ್ಲ. ನೆಲ ಎಷ್ಟೇ ಏರುತಗ್ಗಾಗಿದ್ದರೂ ಮೂರು ಕಾಲು ಕುಂಟುವುದಿಲ್ಲ. ಅಡುಗೆಗೆ ಮೂರು ಕಲ್ಲು ಹೂಡುವ ನಮ್ಮ ಅಜ್ಜಿಯಂದಿರಿಗೆ ಇದು ರೇಖಾಗಣಿತ ಓದದೆಯೇ ಗೊತ್ತಿತ್ತು. ಭೂಮಾಪನದವರು ಫೋಟೋಗ್ರಫಿ ಹುಟ್ಟುವ ಮೊದಲೇ ತಮ್ಮ ಉಪಕರಣಗಳನ್ನು ಮೂರು ಕಾಲಿನ ಮೇಲೆ ನಿಲ್ಲಿಸುತ್ತಿದ್ದರು. ಕ್ಯಾಮರಾದವರು ಅದನ್ನೇ ಎರವಲು ಪಡೆದರು.

ಈ ಸ್ಟ್ಯಾಂಡ್ ನಮ್ಮ ಕಡೆಗೂ ಬಹಳ ಬೇಗ ಬಂತು. ಮದರಾಸು ಸೈನ್ಯದ ಅಧಿಕಾರಿ ಲಿನ್ನಿಯಸ್ ಟ್ರೈಪ್ 1854ರಲ್ಲೇ ಬೇಲೂರು, ಹಳೇಬೀಡುಗಳಲ್ಲಿ ಚಿತ್ರ ತೆಗೆದ. ಅವನ ಹೆಸರೂ ಟ್ರೈಪಾಡಿಗೆ ಹತ್ತಿರವಿದೆ ಎಂದು ನಮ್ಮ ಮಕ್ಕಳಿಗೆ ಭಾರಿ ನಗು. 1858ರಲ್ಲಿ ಅವನು ತಂಜಾವೂರಿನ ಬೃಹದೀಶ್ವರ ದೇವಾಲಯದ ತಳಭಾಗದ ಶಾಸನಗಳನ್ನು ತುಂಡು ತುಂಡಾಗಿ ತೆಗೆದು, 21 ಚಿತ್ರಗಳನ್ನು ಜೋಡಿಸಿ ಸುಮಾರು 19 ಅಡಿ ಉದ್ದದ ಒಂದೇ ಪಟ ಮಾಡಿದ. ಯೋಚಿಸಿ ನೋಡಿ: ಪ್ರತಿ ಸಲವೂ ಸ್ಟ್ಯಾಂಡನ್ನು ಸರಿಸಬೇಕು, ಆದರೆ ಎತ್ತರ ಬದಲಾಗಬಾರದು, ಕ್ಯಾಮರಾ ಓರೆಯಾಗಬಾರದು, ಗೋಡೆಯಿಂದ ದೂರ ಹೆಚ್ಚುಕಡಿಮೆಯಾಗಬಾರದು. ಇಲ್ಲಿ ಮೊದಲ ಪಾಠ. ಶಾಸನ, ಕಟ್ಟಡ, ಗ್ರೂಪ್ ಫೋಟೋಗಳಿಗೆ ಬೇಕಾದದ್ದು ಭಾರವಾದ ಕಾಲು, ಮಟ್ಟ ನೋಡುವ ನೀರುಗುಳ್ಳೆ, ಮತ್ತು ಮೂರು ದಿಕ್ಕುಗಳನ್ನೂ ಬೇರೆ ಬೇರೆಯಾಗಿ ಬಿಗಿಯಬಹುದಾದ ಹಿಡಿಗಳಿರುವ ತಲೆ. ಒಂದೇ ತಿರುಪಿನಲ್ಲಿ ಎಲ್ಲ ಕಡೆಗೂ ಹೊರಳುವ ಗುಂಡುತಲೆ, ಅಂದರೆ ಬಾಲ್ ಹೆಡ್, ಬೇಗ ಕೆಲಸ ಮಾಡುವವರಿಗೆ ಚೆನ್ನ. ಆದರೆ ಅದರಲ್ಲಿ ಒಂದು ಕಡೆ ಸರಿಪಡಿಸಲು ಹೋದರೆ ಇನ್ನೊಂದು ಕಡೆ ಜಾರುತ್ತದೆ.

1851ರಲ್ಲಿ ಆರ್ಚರ್ ಎಂಬಾತ ಒದ್ದೆ ಗಾಜಿನ ತಟ್ಟೆಯ ವಿಧಾನವನ್ನು ಪ್ರಕಟಿಸಿದ. ಚಿತ್ರ ಸ್ಪಷ್ಟ, ಕಾಲವೂ ಕಡಿಮೆ. ಆದರೆ ತಟ್ಟೆ ಒಣಗುವ ಮೊದಲು ಎಲ್ಲವೂ ಮುಗಿಯಬೇಕು, ಹಾಗಾಗಿ ಕತ್ತಲಕೋಣೆಯ ಡೇರೆಯನ್ನೂ ಜೊತೆಗೇ ಹೊರಬೇಕು. 1863ರಿಂದ 1870ರವರೆಗೆ ಭಾರತದಲ್ಲಿದ್ದ ಸ್ಯಾಮುಯೆಲ್ ಬೋರ್ನ್, ಡಜನುಗಟ್ಟಲೆ ಕೂಲಿಗಳಿಂದ ಕ್ಯಾಮರಾ, ಗಾಜು, ರಾಸಾಯನಿಕ, ಡೇರೆಗಳನ್ನೆಲ್ಲ ಹೊರಿಸಿಕೊಂಡು ಹಿಮಾಲಯ ಹತ್ತಿದ. ಚಿತ್ರಗಳ ಕೆಳಗೆ ಬೋರ್ನನ ಹೆಸರಿದೆ, ಹೊತ್ತವರ ಹೆಸರಿಲ್ಲ. ನಮಗೆ ಕೂಲಿಗಳಿಲ್ಲ, ನಾವೇ ಹೊರಬೇಕು. ಆದ್ದರಿಂದ ಎರಡನೆಯ ಪಾಠ: ಗುಡ್ಡ ಹತ್ತುವವರಿಗೆ ಹಗುರವೇ ಗುಣ. 1990ರ ದಶಕದಲ್ಲಿ ಕಾರ್ಬನ್ ಫೈಬರಿನ ಕಾಲುಗಳು ಮಾರುಕಟ್ಟೆಗೆ ಬಂದವು. ಹಗುರ ಮತ್ತು ಗಟ್ಟಿ, ಆದರೆ ಕ್ರಯ ಜಾಸ್ತಿ. ಅಲ್ಯೂಮಿನಿಯಂ ಕೊಂಡರೂ ನಡೆಯುತ್ತದೆ, ಗಾಳಿಯಿದ್ದರೆ ನಡುವಿನ ಕೊಕ್ಕೆಗೆ ನಿಮ್ಮ ಚೀಲವನ್ನು, ತೂಗಾಡದಂತೆ ನೆಲಕ್ಕೆ ತಾಗಿಸಿ, ನೇತುಹಾಕಿ. ಬೇಕಲ ಕೋಟೆಯ ಮೇಲೆ ಕಡಲಗಾಳಿಗೆ ನಿಂತವರಿಗೆ ಇದರ ಬೆಲೆ ಗೊತ್ತು.

1871ರಲ್ಲಿ ಮ್ಯಾಡಾಕ್ಸ್ ಒಣ ತಟ್ಟೆಯ ದಾರಿ ತೋರಿಸಿದ. 1888ರಲ್ಲಿ ಈಸ್ಟ್‌ಮನ್ನನ ಕೊಡಕ್, 1925ರಲ್ಲಿ ಲೈಕಾ ಬಂದವು. ಕ್ಯಾಮರಾ ಕೈಗೆ ಬಂತು, ಸ್ಟ್ಯಾಂಡಿನ ಕಾಲ ಮುಗಿಯಿತು ಎಂದುಕೊಂಡವರಿದ್ದರು. ಮುಗಿಯಲಿಲ್ಲ. ಕೈಯಲ್ಲಿ ಹಿಡಿಯುವವರಿಗೆ ಒಂದು ಹಳೆಯ ಲೆಕ್ಕವಿದೆ: 50 ಮಿ.ಮೀ. ಲೆನ್ಸಿಗೆ ಸೆಕೆಂಡಿನ 50ನೇ ಒಂದು ಭಾಗ, 400ಕ್ಕೆ 400ನೇ ಒಂದು ಭಾಗ. ಅದಕ್ಕಿಂತ ನಿಧಾನವಾದರೆ ಅಲುಗಿದ್ದು ಕಾಣುತ್ತದೆ. 1995ರ ಹೊತ್ತಿಗೆ ಅಲುಗಾಟವನ್ನು ತಾನೇ ಸರಿಪಡಿಸುವ ಲೆನ್ಸುಗಳು ಎಸ್.ಎಲ್.ಆರ್. ಕ್ಯಾಮರಾಗಳಿಗೆ ಬಂದವು, ಈಗ ಫೋನುಗಳಲ್ಲೂ ಇದೆ. ಆದರೂ ಹಕ್ಕಿಯ ಚಿತ್ರಕ್ಕೆ ಉದ್ದ ಲೆನ್ಸು, ಇರುಳಿಗೆ ದೀರ್ಘ ಎಕ್ಸ್‌ಪೋಷರ್, ಹೂವಿನ ಕೇಸರಕ್ಕೆ ಕೂದಲೆಳೆಯಷ್ಟು ಫೋಕಸ್ ಬೇಕಾದಾಗ ಮೂರು ಕಾಲನ್ನೇ ಹುಡುಕಬೇಕು.

ಹಕ್ಕಿಯವರಿಗೆ ತೊಟ್ಟಿಲಿನಂತೆ ತೂಗುವ ಗಿಂಬಲ್ ತಲೆ ಒಳ್ಳೆಯದು. ಭಾರದ ಲೆನ್ಸಾದರೆ ಕ್ಯಾಮರಾವನ್ನಲ್ಲ, ಲೆನ್ಸಿನ ಪಟ್ಟಿಯನ್ನೇ ಸ್ಟ್ಯಾಂಡಿಗೆ ಬಿಗಿಯಬೇಕು. ದುಡ್ಡಿಲ್ಲದಿದ್ದರೆ ಅಕ್ಕಿ ತುಂಬಿದ ಬಟ್ಟೆಚೀಲವನ್ನು ಕಿಟಕಿಯ ಮೇಲಿಟ್ಟು ಅದರ ಮೇಲೆ ಲೆನ್ಸಿಡಿ, ಎಷ್ಟೋ ಸ್ಟ್ಯಾಂಡಿಗಿಂತ ಮೇಲು. ಹೂವು, ಕೀಟಗಳಿಗೆ ಕಾಲುಗಳು ನೆಲಕ್ಕೆ ಚಪ್ಪಟೆಯಾಗಿ ಹರಡುವಂಥದ್ದು ಬೇಕು. ಯಕ್ಷಗಾನ ಬಯಲಾಟದ ವಿಡಿಯೋಗೆ ಬೇರೆಯೇ ತಲೆ, ಒಳಗೆ ಎಣ್ಣೆಯಂಥ ದ್ರವ ತುಂಬಿದ್ದು. 1940ರ ದಶಕದಲ್ಲಿ ಆಸ್ಟ್ರೇಲಿಯಾದ ಮಿಲ್ಲರ್ ಕಂಪೆನಿ ಬಳಕೆಗೆ ತಂದದ್ದು. ವೇಷಧಾರಿ ಧೀಂಗಿಣ ಹಾಕುತ್ತಾ ರಂಗಸ್ಥಳ ಸುತ್ತಿದರೂ ಚಿತ್ರ ಕುಲುಕದೆ ಹಿಂಬಾಲಿಸುವುದು ಅದರಿಂದಲೇ.

ಅಗ್ಗದ್ದೇ ಸಾಕು ಎಂಬ ತಪ್ಪನ್ನು ನಾನೂ ಮಾಡಿದವನು. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ನಮ್ಮ ಜಿಲ್ಲೆಯ ಮೇಲೆಯೇ ಹಾದುಹೋಯಿತು. ಚೆರುವತ್ತೂರಿಗೆ ಜನ ಜಾತ್ರೆಯಂತೆ ಸೇರಿದ್ದರು. ನಾನು ಲೆನ್ಸಿಗೆ ಸೌರ ಫಿಲ್ಟರ್ ಹಾಕಿ, ತೆಳ್ಳನೆಯ ಕಾಲಿನ ಒಂದು ಸ್ಟ್ಯಾಂಡಿನ ನಡುಗಂಬವನ್ನು ಪೂರಾ ಎತ್ತಿ, ಕ್ಯಾಮರಾ ನಿಲ್ಲಿಸಿದ್ದೆ. ಬಳೆ ಮೂಡಿದ ಆ ಮೂರು ನಿಮಿಷ ನಾನು ಗುಂಡಿ ಒತ್ತಿದಾಗಲೆಲ್ಲ ಕ್ಯಾಮರಾ ತಲೆಯಾಡಿಸಿತು. ಬಂದ ಚಿತ್ರಗಳಲ್ಲೆಲ್ಲ ಬಳೆಗೆ ಎರಡೆರಡು ಅಂಚು. ಈಗ ಗೊತ್ತಾಗಿದೆ: ದಪ್ಪ ಕಾಲುಗಳನ್ನು ಮೊದಲು ಎಳೆಯಬೇಕು, ನಡುಗಂಬವನ್ನು ಎತ್ತುವುದು ಕೊನೆಯ ಉಪಾಯ, ಗುಂಡಿಯನ್ನು ಬೆರಳಿನಿಂದ ಒತ್ತದೆ ಟೈಮರಿಗೆ ಬಿಡಬೇಕು.

ಇನ್ನು ನಮ್ಮ ಹಳೆಯ ಫೋಟೋದ ಪ್ರತಿ. ಇದಕ್ಕೆ ಕ್ಯಾಮರಾ ನೇರವಾಗಿ ಕೆಳಗೆ ನೋಡಬೇಕು. ನಡುಗಂಬವನ್ನು ಅಡ್ಡಕ್ಕೆ ಮಲಗಿಸಬಹುದಾದ, ಇಲ್ಲವೇ ತಲೆಕೆಳಗು ಮಾಡಿ ಹಾಕಬಹುದಾದ ಸ್ಟ್ಯಾಂಡ್ ಬೇಕು. ಕ್ಯಾಮರಾ ಮತ್ತು ಫೋಟೋ ಸಮಾಂತರವಾಗಿವೆಯೇ ಎಂದು ತಿಳಿಯಲು ಫೋಟೋದ ಜಾಗದಲ್ಲಿ ಒಂದು ಕನ್ನಡಿ ಇಡಿ. ಪರದೆಯ ನಟ್ಟನಡುವೆ ಲೆನ್ಸಿನ ಪ್ರತಿಬಿಂಬವೇ ಕಂಡರೆ ಸರಿ. ಎರಡೂ ಪಕ್ಕದಿಂದ ಓರೆಯಾಗಿ ಬೆಳಕು ಬಿದ್ದರೆ ಹೊಳಪು ಬರುವುದಿಲ್ಲ.

ಇನ್ನೊಂದು ಆಸೆಯೂ ಇದೆ. 1856ರಲ್ಲಿ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯ ಚಿತ್ರಗಳನ್ನು ತೆಗೆದಿದ್ದ. 1983ರಲ್ಲಿ, ಅಂದರೆ 127 ವರ್ಷಗಳ ನಂತರ, ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವನು ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಬಿದ್ದಿದೆ, ಏನು ಉಳಿದಿದೆ ಎಂದು ಕಾಣುತ್ತದೆ. ನಾವೂ ಹಾಗೆಯೇ ಮಾಡೋಣವೆಂದು ಏಳನೇ ತರಗತಿಯ ಮಕ್ಕಳೊಡನೆ ಅಂಗಳಕ್ಕಿಳಿದೆ. ಹಳೆಯ ಚಿತ್ರದಲ್ಲಿ ಜಗಲಿಯ ಎರಡನೇ ಕಂಬ, ಹಿಂದಿನ ಕಿಟಕಿಯ ಎಡ ಅಂಚನ್ನು ಸರಿಯಾಗಿ ಮರೆಮಾಡುತ್ತದೆ. ಹಾಗೆ ಕಾಣುವ ಗೆರೆಯಲ್ಲಿ ನಡೆದು, ಮತ್ತೊಂದು ಕಂಬದಿಂದ ಇನ್ನೊಂದು ಗೆರೆ ಹಿಡಿದು, ಎರಡೂ ಕೂಡುವಲ್ಲಿ ಮಕ್ಕಳು ಸುಣ್ಣದ ಗುರುತು ಹಾಕಿದರು. 1956ರಲ್ಲಿ ಕಪ್ಪು ಬಟ್ಟೆ ಹೊದ್ದ ಫೋಟೋದವರ ಮರದ ಸ್ಟ್ಯಾಂಡ್ ನಿಂತದ್ದು ಅಲ್ಲೇ.

ಅಂದಿನ ಚಿತ್ರದಲ್ಲಿ ಒಂದು ಮುಖ ಮಾತ್ರ ಮಸುಕು. ಊರಿನ ಹಿರಿಯರೊಬ್ಬರಿಗೆ ತೋರಿಸಿದಾಗ ಕನ್ನಡಕ ಸರಿಸಿ ನೋಡಿ ನಕ್ಕರು. "ಅದು ನಾನೇ ಮಾಷ್ಟ್ರೇ. ಕಾಲಿಗೆ ಕೆಂಪಿರುವೆ ಕಚ್ಚಿತ್ತು, ಅಲುಗದೆ ಇರ್ಲಿಕ್ಕೆ ಉಂಟಾ?" ಅವರು ಹೇಳದಿದ್ದರೆ ಆ ಮುಖಕ್ಕೆ ಹೆಸರೇ ಇರುತ್ತಿರಲಿಲ್ಲ. ಹಾಗೆಯೇ ಕೂತು ಅವರು ಇನ್ನೂ ಹದಿನಾಲ್ಕು ಜನರ ಹೆಸರು ಹೇಳಿದರು, ಬರೆದುಕೊಂಡೆ.

ಕೊನೆಗೆ ಸಂಘದವರು ಒಪ್ಪಿದ್ದು ಇದು: ಮೂರು ಮಡಿಕೆಯ ಅಲ್ಯೂಮಿನಿಯಂ ಕಾಲು, ಅಡ್ಡ ಮಲಗುವ ನಡುಗಂಬ, ಮೂರು ಹಿಡಿಯ ತಲೆ, ಫೋನು ಕಚ್ಚಿಸಲು ಒಂದು ಕ್ಲಿಪ್ಪು. ತಿರುಪು ಕಾಲು ಇಂಚಿನದು, ಇಂಚಿಗೆ 20 ಸುತ್ತು. ಸಾಮಾನ್ಯವಾಗಿ ಸಿಗುವ ಹಳೆಯ ಕ್ಯಾಮರಾಕ್ಕೂ ಹೊಸದಕ್ಕೂ ಅದೇ ತಿರುಪು. ತಲೆಮಾರು ಕಳೆದರೂ ಕೂಡಿಕೊಳ್ಳುವ ವಸ್ತು ಎಂದರೆ ಇದು!

ಬರುವ ಮಾರ್ಚಿನಲ್ಲಿ ಸುಣ್ಣದ ಗುರುತಿನ ಮೇಲೆ ಅದನ್ನು ನಿಲ್ಲಿಸುತ್ತೇವೆ. ಅಂದು ಮೂರು ಸಾಲಿತ್ತು, ನಮ್ಮ ಕನ್ನಡ ವಿಭಾಗಕ್ಕೆ ಈಗ ಒಂದೇ ಸಾಲು ಸಾಕು. ಆ ಹಿರಿಯರನ್ನೂ ನಡುವೆ ಕೂರಿಸಬೇಕೆಂದಿದ್ದೇವೆ. ಸ್ಲೇಟಿನಲ್ಲಿ ಏನು ಬರೆಯಬೇಕೆಂದು ಮಕ್ಕಳೇ ತೀರ್ಮಾನಿಸಲಿ, ಕನ್ನಡದಲ್ಲಿ ಬರೆದರಾಯಿತು.

ನಿಮ್ಮ ಶಾಲೆಯ ಕಪಾಟಿನಲ್ಲೂ ಇಂಥದ್ದೊಂದು ಚಿತ್ರ ಇರಬಹುದು. ಮುಂದಿನ ಮಳೆಗಾಲಕ್ಕೆ ಮೊದಲು ತೆಗೆದು ನೋಡಿ. ಹೆಸರು ಹೇಳಬಲ್ಲವರು ಇರುವಾಗಲೇ ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ.