ನಡೆಯುವ ಗಡಿಯಾರದ ಛಾಯಾಚಿತ್ರ

ನಮ್ಮ ಪಿರಿಯಾಪಟ್ಟಣದ ಸೀಮೆಯಿಂದ ಮೈಸೂರಿಗೆ ಹೋದವರಲ್ಲಿ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ಕಂಡು ಬಂದವರು ಅನೇಕರುಂಟು. ಮುಮ್ಮಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, 1861ರಲ್ಲಿ, ನಿರ್ಮಿತವಾದ ಈ ಮಂದಿರವು 1915ರಲ್ಲಿ ಚಿತ್ರಶಾಲೆಯಾಯಿತು. ರವಿವರ್ಮನ ಚಿತ್ರಗಳಂತೆಯೇ ಅಲ್ಲಿ ಹೆಸರುವಾಸಿಯಾದ ಇನ್ನೊಂದು ವಸ್ತುವೆಂದರೆ ಫ್ರಾನ್ಸ್ ದೇಶದ ಹಳೆಯ ಗಡಿಯಾರ. ಸೆಕೆಂಡಿಗೆ ನಗಾರಿ, ನಿಮಿಷಕ್ಕೆ ಕಹಳೆ, ಗಂಟೆಗೆ ಪುಟ್ಟ ಸಿಪಾಯಿಗಳ ಕವಾಯತು, ಇದು ಅದರ ಏರ್ಪಾಡು.

ಇಂತಹ ಯಂತ್ರದ ಛಾಯಾಚಿತ್ರದಿಂದ ನಮಗೆ ದೊರೆಯುವುದೇನು? ನಿಂತುಹೋದ ಗಡಿಯಾರದ ಚಿತ್ರಕ್ಕೂ ನಡೆಯುವ ಗಡಿಯಾರದ ಚಿತ್ರಕ್ಕೂ ಕಣ್ಣಿಗೆ ಭೇದವೇ ತೋರದು. ಮುಳ್ಳುಗಳು ಎರಡರಲ್ಲಿಯೂ ಒಂದೇ ಕಡೆ ನಿಂತಿರುವುವು.

ಈ ತೊಡಕು ಛಾಯಾಗ್ರಹಣದಷ್ಟೇ ಹಳೆಯದು. 1838ರಲ್ಲಿ ದಾಗೇರನು ಪ್ಯಾರಿಸಿನ ಒಂದು ರಾಜಬೀದಿಯ ಚಿತ್ರವನ್ನು ಹಿಡಿದನು. ಫಲಕಕ್ಕೆ ಬೆಳಕು ಬೀಳಬೇಕಾದ ಅವಧಿಯು ಹಲವು ನಿಮಿಷಗಳಾದುದರಿಂದ ಗಾಡಿಗಳೂ ಜನರೂ ಮಾಯವಾದರು. ಪಾದರಕ್ಷೆಗೆ ಬಣ್ಣ ಹಾಕಿಸಿಕೊಳ್ಳುತ್ತ ನಿಂತಿದ್ದವನೊಬ್ಬನು ಮಾತ್ರ ಉಳಿದನು! ಚಲಿಸಿದವರೆಲ್ಲ ಅಳಿದರು, ನಿಂತವನು ಚಿರಂಜೀವಿಯಾದನು.

ಲೋಲಕವುಳ್ಳ ಗೋಡೆಗಡಿಯಾರದಲ್ಲಿ ಇದನ್ನು ನಾವೇ ಪರೀಕ್ಷಿಸಬಹುದು. ಬೆಳಕನ್ನು ಒಂದೆರಡು ಸೆಕೆಂಡು ಬೀಳಗೊಟ್ಟರೆ ಲೋಲಕವು ನಡುವೆ ಮಸುಕಾಗಿ, ಎರಡು ಕೊನೆಗಳಲ್ಲಿ ತಕ್ಕಮಟ್ಟಿಗೆ ಸ್ಪಷ್ಟವಾಗಿ ಮೂಡುವುದು. ಕೊನೆಗಳಲ್ಲಿ ಅದರ ವೇಗವು ಕುಂದಿ, ಒಂದು ಕ್ಷಣ ಶೂನ್ಯವಾಗಿ, ಬಳಿಕ ಅದು ಹಿಂದಿರುಗುವುದೇ ಇದಕ್ಕೆ ಕಾರಣ. ಅತ್ಯಲ್ಪ ಕಾಲದಲ್ಲಿ ಹಿಡಿದ ಚಿತ್ರವು ಸ್ಫುಟವಾದರೂ ಸತ್ತ ಗಡಿಯಾರದಂತಿರುವುದು. ನಮಗೇನೋ ಮಸುಕಾದ ಚಿತ್ರವೇ ಹೆಚ್ಚು ಸತ್ಯವೆಂದು ತೋರುವುದು.

ಚಲನೆಯನ್ನು ಶಾಸ್ತ್ರೀಯವಾಗಿ ಅಳೆದ ಫ್ರೆಂಚ್ ವಿದ್ವಾಂಸ ಮಾರೇ ಎಂಬಾತನು 1880ರ ದಶಕದಲ್ಲಿ, ಓಡುವ ಮನುಷ್ಯನ ಜೊತೆಯಲ್ಲಿಯೇ ಕಪ್ಪು ಮುಖದ ಮೇಲೆ ಬಿಳಿಯ ಮುಳ್ಳು ತಿರುಗುವ ಕಾಲಮಾಪಕವನ್ನೂ ಒಂದೇ ಫಲಕದಲ್ಲಿ ಹಿಡಿಯುತ್ತಿದ್ದನು. ಮುಳ್ಳಿನ ಸ್ಥಾನಗಳನ್ನು ನೋಡಿ ಚಿತ್ರಚಿತ್ರಕ್ಕೂ ನಡುವಣ ಕಾಲವನ್ನು ಲೆಕ್ಕ ಹಾಕುತ್ತಿದ್ದನು. ಅಲ್ಲಿ ಗಡಿಯಾರವು ಸಾಕ್ಷಿ. ನಮ್ಮಲ್ಲಿ ಅದೇ ವಿಚಾರಣೆಗೆ ನಿಂತಿದೆ, ಆದುದರಿಂದ ಸಾಕ್ಷಿಗೆ ಇನ್ನೊಂದು ಗಡಿಯಾರ ಬೇಕು.

ಜಗನ್ಮೋಹನದ ಗಡಿಯಾರದಂತಹವಕ್ಕೆ ಈಗ ಚಲಚ್ಚಿತ್ರದ ಅನುಕೂಲವಿದೆ. ಅಧಿಕಾರಿಗಳ ಅನುಮತಿ ಪಡೆದು, ಯಂತ್ರವನ್ನು ಬಲ್ಲವರು ಅದನ್ನು ನಡೆಯಿಸಿದಾಗ, ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ನಿಲ್ಲಿಸಬೇಕು. ಗಾಜಿನಲ್ಲಿ ಪ್ರತಿಬಿಂಬ ಕಾಣದಂತೆ ಹಿಂಬದಿಗೆ ಕರಿಯ ಬಟ್ಟೆ ಹಿಡಿಸಬೇಕು. ಗಂಟೆಗೆ ಐದು ನಿಮಿಷ ಮೊದಲೇ ಆರಂಭಿಸಿ, ಸಿಪಾಯಿಗಳ ಕವಾಯತು ಮುಗಿಯುವವರೆಗೂ ಧ್ವನಿಸಹಿತವಾಗಿ ಹಿಡಿಯಬೇಕು. ಚೌಕಟ್ಟಿನ ಮೂಲೆಯಲ್ಲಿ ಸೆಕೆಂಡಿನ ಮುಳ್ಳಿರುವ ಸಾಧಾರಣ ಕೈಗಡಿಯಾರವೊಂದನ್ನು ಇರಿಸಿದರೆ, ಮುಂದೆ ಅದನ್ನು ರಿಪೇರಿ ಮಾಡುವವನು ನಗಾರಿಯ ಪೆಟ್ಟುಗಳನ್ನು ಅದರೊಡನೆ ಎಣಿಸಿ ನೋಡಬಹುದು.