ಒಂದೇ ಬೇರಿನ ಎರಡು ನೋವು

ಕೈ ನಡುಗುವುದು ಬೇರೆ, ಮನಸ್ಸು ಕುಗ್ಗುವುದು ಬೇರೆ ಎಂದೇ ನಾವೆಲ್ಲ ತಿಳಿದಿದ್ದೇವೆ. ನಡುಕಕ್ಕೆ ನರವೈದ್ಯರ ಗುಳಿಗೆ, ಕುಗ್ಗಿದ ಮನಸ್ಸಿಗೆ ಧೈರ್ಯದ ನಾಲ್ಕು ಮಾತು. ಇದು ನಮ್ಮ ಮನೆಗಳ ರೂಢಿ. ಸಾಹಿತ್ಯದ ವಿದ್ಯಾರ್ಥಿಯಾದ ನಾನು ಔಷಧಗಳ ಚರಿತ್ರೆಯನ್ನು ಕುತೂಹಲಕ್ಕೆಂದು ಓದತೊಡಗಿದೆ. ಓದುತ್ತ ಹೋದಂತೆ ಈ ಎರಡರ ನಡುವಿನ ಗೋಡೆ ಕುಸಿಯುತ್ತ ಬಂದಿತು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಈ ನಡುಕದ ರೋಗವನ್ನು ಕುರಿತು ಒಂದು ಪುಟ್ಟ ಪ್ರಬಂಧ ಬರೆದರು. ಇಂದ್ರಿಯಗಳಿಗೂ ಬುದ್ಧಿಗೂ ಇದರಲ್ಲಿ ಊನವಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ರೋಗಿಯ ಮನದ ಅಳಲು ಬಹುಕಾಲ ಹಿಂದೆಯೇ ಉಳಿಯಿತು.

ಮುಂದಿನ ಅಧ್ಯಾಯಕ್ಕೆ ನಮ್ಮ ನಾಡಿನ ಸರ್ಪಗಂಧದ ಬೇರೇ ಕಾರಣ. ರಕ್ತದೊತ್ತಡವನ್ನು ತಗ್ಗಿಸುವ ಅದರ ಗುಣವನ್ನು 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ಅದರಿಂದ ರಿಸರ್ಪೀನನ್ನು ಬೇರ್ಪಡಿಸಿದರು. ಅದನ್ನು ಸೇವಿಸಿದ ಕೆಲವರಲ್ಲಿ ಪಾರ್ಕಿನ್‌ಸನ್ ರೋಗದಂತಹ ನಡುಕವೂ ಜಡತೆಯೂ ಕಂಡವು. ಕೆಲವರಿಗೆ ಮನದ ಮೇಲೆ ಮಂಕು ಕವಿಯಿತೆಂದೂ ವೈದ್ಯರು ಬರೆದರು. ಈ ಎರಡನೆಯ ಮಾತನ್ನು ಆಮೇಲೆ ಅನೇಕರು ಪ್ರಶ್ನಿಸಿದ್ದುಂಟು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರಿಸರ್ಪೀನಿನಿಂದ ಮರವಟ್ಟ ಮೊಲಗಳಿಗೆ ಡೋಪಾ ಕೊಟ್ಟಾಗ ಅವು ಮತ್ತೆ ಚಲಿಸಿದವು. ಮಿದುಳಿನ ಡೋಪಮೀನ್, ಸೆರೊಟೊನಿನ್ ಮೊದಲಾದ ರಸಗಳ ದಾಸ್ತಾನನ್ನು ರಿಸರ್ಪೀನ್ ಬರಿದುಮಾಡುತ್ತದೆ. ಚಲನೆಗೂ ಚಿತ್ತಕ್ಕೂ ಈ ರಸಗಳು ಬೇಕು.

ಇನ್ನೊಂದು ದಾರಿ ಕ್ಷಯದ ಆಸ್ಪತ್ರೆಯಿಂದ ಹೊರಟಿತು. 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಐಪ್ರೊನಿಯಜಿಡ್ ಎಂಬ ಮದ್ದು ಪಡೆದ ಕ್ಷಯರೋಗಿಗಳು ಉಲ್ಲಸಿತರಾದರು. 1957ರ ಹೊತ್ತಿಗೆ ಅದು ಖಿನ್ನತೆಯ ಮದ್ದಾಯಿತು. ಈ ರಸಗಳನ್ನು ಕರಗಿಸುವ ಕಿಣ್ವವನ್ನು ತಡೆಯುವುದು ಅದರ ಕೆಲಸ. ಇಂತಹ ಮದ್ದು ತೆಗೆದುಕೊಂಡು ಹಳೆಯ ಚೀಸ್ ತಿಂದರೆ ರಕ್ತದೊತ್ತಡ ಅಪಾಯಕರವಾಗಿ ಏರುವುದೆಂದು 1963ರಲ್ಲಿ ಲಂಡನ್ನಿನ ಬ್ಯಾರಿ ಬ್ಲ್ಯಾಕ್‌ವೆಲ್ ತೋರಿಸಿದರು. ಅದೇ ವಂಶದಲ್ಲಿ ಬುಡಾಪೆಸ್ಟಿನ ಯೋಸೆಫ್ ಕ್ನೋಲ್ ತಂಡ ರೂಪಿಸಿದ ಸೆಲೆಜಿಲೀನ್ ಪಾರ್ಕಿನ್‌ಸನ್ ರೋಗಕ್ಕೆ ಮದ್ದಾಯಿತು. ನಿಗದಿತ ಪ್ರಮಾಣದಲ್ಲಿ ಅದಕ್ಕೆ ಚೀಸಿನ ಭಯ ಕಡಿಮೆ.

ನಡುಕದ ಮದ್ದೂ ದುಃಖದ ಮದ್ದೂ ದಾಯಾದಿಗಳು. ಒಂದೇ ದೇಹದಲ್ಲಿ ಸೇರಿದಾಗ ಕಲಹವೂ ಆದೀತು. ಸೆಲೆಜಿಲೀನ್ ಅಥವಾ ರಸಜಿಲೀನಿನ ಜೊತೆಗೆ ಫ್ಲುಯೊಕ್ಸೆಟೀನಿನಂತಹ ಮದ್ದು ಸೇರಿದರೆ, ವಿರಳವಾಗಿಯಾದರೂ, ಸೆರೊಟೊನಿನ್ ಮಿತಿಮೀರಿ ತಳಮಳ, ಬೆವರು, ಜ್ವರ, ಸ್ನಾಯುಗಳ ಸೆಳೆತ ಉಂಟಾಗಬಹುದು. ಫ್ಲುಯೊಕ್ಸೆಟೀನ್ ನಿಲ್ಲಿಸಿದ ಮೇಲೂ ವಾರಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಕೆಮ್ಮಿನ ಔಷಧಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫನ್ ಕೂಡ ಈ ಗುಂಪಿನೊಡನೆ ಹೊಂದದು. ಅಮಿಟ್ರಿಪ್ಟಿಲೀನಿನಂತಹ ಹಳೆಯ ಮದ್ದುಗಳು ಮಲಬದ್ಧತೆ, ಗಲಿಬಿಲಿ, ಎದ್ದು ನಿಂತೊಡನೆ ತಲೆಸುತ್ತು ತಂದಾವು. ರೋಗವೇ ಇವನ್ನು ಕೊಟ್ಟಿರುವಾಗ ಹೊರೆ ಇಮ್ಮಡಿಯಾಗುತ್ತದೆ.

ಹಾಗೆಂದು ಭಯಪಟ್ಟು ಮದ್ದನ್ನು ತಾವೇ ನಿಲ್ಲಿಸುವುದು ಇನ್ನೂ ಅಪಾಯ. ಎರಡೂ ಮದ್ದುಗಳನ್ನು ವೈದ್ಯರು ಅಳತೆಯರಿತು ಒಟ್ಟಿಗೆ ಕೊಡುವುದೂ ಉಂಟು. ಅಂಗಡಿಯಿಂದ ತಂದ ಕೆಮ್ಮಿನ ಸಿರಪ್ಪನ್ನೂ ಸೇರಿಸಿ ಪ್ರತಿ ಮದ್ದಿನ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡುವುದು ಮನೆಯವರ ಕೆಲಸ. ಅದಕ್ಕಿಂತ ಮೊದಲು ಮಾಡಬೇಕಾದುದು ಮತ್ತೊಂದುಂಟು. ಈ ರೋಗದಲ್ಲಿ ಖಿನ್ನತೆ ಕೆಲವೊಮ್ಮೆ ಕೈ ನಡುಗುವ ವರ್ಷಗಳ ಮೊದಲೇ ಬರುತ್ತದೆ. ಅದು ಮನೋಬಲದ ಕೊರತೆಯಲ್ಲ, ರೋಗದ್ದೇ ಒಂದು ಅಂಗ. ನಡುಗುವ ಕೈಗೆ ‘ನಡುಗಬೇಡ’ ಎಂದು ನಾವು ಬುದ್ಧಿ ಹೇಳುವುದಿಲ್ಲ. ಕುಗ್ಗಿದ ಮನಸ್ಸಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು.