ಶುಭಾಶಯ ಪತ್ರಗಳಲ್ಲಿ ನಮ್ಮ ಊರು

ಡಿಸೆಂಬರಿನ ಸೆಖೆಯಲ್ಲಿ ಬೆವರು ಒರೆಸಿಕೊಳ್ಳುತ್ತಲೇ ಹಿಮ ಹೊದ್ದ ಮನೆ, ದೇವದಾರು ಮರ, ಜಾರುಬಂಡಿಗಳ ಚಿತ್ರವಿರುವ ಕಾರ್ಡುಗಳನ್ನು ಪರಸ್ಪರ ಕಳುಹಿಸಿಕೊಂಡವರು ನಾವು. ಬಿಕರ್ನಕಟ್ಟೆ, ಕುಲಶೇಖರದ ಕ್ರೈಸ್ತ ಬಂಧುಗಳ ಮನೆಗಳಲ್ಲಿ ಗೋದಲಿಯ ಮೇಲ್ಗಡೆ ದಾರ ಕಟ್ಟಿ ಅವುಗಳನ್ನು ತೂಗುಹಾಕುತ್ತಿದ್ದರು. ಇತರರ ಮನೆಗೆ ಬರುತ್ತಿದ್ದ ಹೊಸ ವರ್ಷದ ಕಾರ್ಡಿನಲ್ಲಿಯೂ ಸ್ವಿಟ್ಜರ್ಲೆಂಡಿನ ಸರೋವರವೋ ಗುಲಾಬಿಯ ಗೊಂಚಲೋ ಇರುತ್ತಿತ್ತು. ಮುರಕಲ್ಲಿನ ಪಾಗಾರ, ಹೆಂಚಿನ ಮಾಡು, ಗದ್ದೆಯ ಹುಣಿ, ಅಶ್ವತ್ಥದ ಕಟ್ಟೆ ಇವು ಮಾತ್ರ ಅಪರೂಪ. ಇದು ನಮ್ಮ ಅಭಿರುಚಿಯ ಕೊರತೆಯೆಂದು ಹಲವರು ಹೇಳುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಅದಕ್ಕೆ ಬೇರೆಯೇ ಚರಿತ್ರೆಯಿದೆ.

ಕ್ರಿಸ್ಮಸ್ ಕಾರ್ಡನ್ನು ಮೊದಲಿಗೆ ಅಚ್ಚುಹಾಕಿಸಿದವರು ಲಂಡನ್ನಿನ ಹೆನ್ರಿ ಕೋಲ್. ಆ ವರ್ಷ 1843. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದಿತ್ತು. ಆ ಸುಧಾರಣೆಯಲ್ಲಿ ಕೋಲ್ ಅವರ ಪಾಲೂ ಇತ್ತು. ಹಬ್ಬಕ್ಕೆ ಎಲ್ಲರಿಗೂ ಕೈಬರಹದಲ್ಲಿ ಪತ್ರ ಬರೆಯುವ ಶ್ರಮ ತಪ್ಪಲೆಂದು ಅವರು ಜಾನ್ ಕಾಲ್ಕಾಟ್ ಹಾರ್ಸ್‌ಲಿ ಎಂಬ ಚಿತ್ರಕಾರರಿಂದ ಚಿತ್ರ ಬರೆಸಿ, ಕಲ್ಲಚ್ಚಿನಲ್ಲಿ ಮುದ್ರಿಸಿ, ಕೈಯಿಂದ ಬಣ್ಣ ತುಂಬಿಸಿದರು. ಬೆಲೆ ಒಂದು ಶಿಲಿಂಗ್. ನಡುವೆ ಹಬ್ಬದ ಊಟಕ್ಕೆ ಕುಳಿತ ಒಂದು ಕುಟುಂಬ, ಎರಡು ಬದಿಗಳಲ್ಲಿ ಬಡವರಿಗೆ ಅನ್ನ ಮತ್ತು ಬಟ್ಟೆಯ ದಾನ. ಮಗುವಿನ ಬಾಯಿಗೆ ದ್ರಾಕ್ಷಾರಸ ಹಿಡಿದಿದ್ದಾರೆಂದು ಪಾನವಿರೋಧಿಗಳು ಆಕ್ಷೇಪಿಸಿದರು. ಗಮನಿಸಬೇಕಾದುದೇನೆಂದರೆ, ಆ ಮೊದಲ ಕಾರ್ಡಿನಲ್ಲಿ ಹಿಮವೇ ಇಲ್ಲ. ಹಿಮ, ಕೆಂಪೆದೆಯ ರಾಬಿನ್ ಹಕ್ಕಿ ಎಲ್ಲವೂ ಅನಂತರ ಬಂದು ಸೇರಿಕೊಂಡವು.

ಅದೇ 1843ರ ಜುಲೈ 1ರಂದು ನಮ್ಮ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಹೊರಬಂದಿತು. ಕನ್ನಡದ ಪ್ರಥಮ ಪತ್ರಿಕೆಯಾದ ಅದೂ ಕಲ್ಲಚ್ಚಿನದೇ. 1841ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ ಮುದ್ರಣಾಲಯದ ಕೆಲಸ ಅದು. ನುಣುಪಾದ ಸುಣ್ಣಕಲ್ಲಿನ ಮೇಲೆ ಎಣ್ಣೆಯಂಶವುಳ್ಳ ಮಸಿಯಿಂದ ಬರೆದು, ಕಲ್ಲಿಗೆ ನೀರು ಸವರಿದರೆ ಬರೆದ ಭಾಗ ಮಾತ್ರ ಶಾಯಿಯನ್ನು ಹಿಡಿಯುತ್ತದೆ. ಅಕ್ಷರವನ್ನು ಮೂಡಿಸಬಲ್ಲ ಆ ಕಲ್ಲು ಚಿತ್ರವನ್ನೂ ಮೂಡಿಸಬಲ್ಲುದು. ಆದುದರಿಂದ ಉಪಕರಣ ನಮ್ಮಲ್ಲಿರಲಿಲ್ಲವೆನ್ನುವಂತಿಲ್ಲ. ಬಾವುಟಗುಡ್ಡವನ್ನೋ ಸುಲ್ತಾನ್ ಬತ್ತೇರಿಯನ್ನೋ ಬರೆದು ಬಂಧುಗಳಿಗೆ ಕಳುಹಿಸುವ ಪದ್ಧತಿಯಷ್ಟೇ ಬೆಳೆದಿರಲಿಲ್ಲ.

ನಾಡಿನ ನೋಟಗಳನ್ನು ಚಿತ್ರಿಸಿದವರು ಬಹುಮಟ್ಟಿಗೆ ಹೊರಗಿನವರು. ರಾಬರ್ಟ್ ಹೋಮ್ 1794ರಲ್ಲಿ, ಜೇಮ್ಸ್ ಹಂಟರ್ ಅವರ ಚಿತ್ರಗಳ ಪ್ರಕಾಶಕರು 1805ರಲ್ಲಿ ಮೈಸೂರು ಸೀಮೆಯ ಬೆಟ್ಟಗಳನ್ನೂ ಕೋಟೆಗಳನ್ನೂ ಪುಸ್ತಕರೂಪದಲ್ಲಿ ತಂದರು. ಸುಂದರವಾದ ಚಿತ್ರಗಳೇ, ಆದರೆ ಟಿಪ್ಪುವಿನೊಡನೆ ನಡೆದ ಯುದ್ಧವನ್ನು ಮನೆಯಲ್ಲಿ ಕುಳಿತು ನೋಡಬಯಸಿದ ಇಂಗ್ಲಿಷರಿಗಾಗಿ ಮಾಡಿದವು. ಇತ್ತ ನಮ್ಮ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಅಂತೋನಿಯೊ ಮೊಸ್ಕೇನಿ 1901ರ ವೇಳೆಗೆ ಮುಗಿಸಿದ ಭವ್ಯ ಚಿತ್ರಗಳಿವೆ. ಅವು ಊರಿನ ಹೆಮ್ಮೆ ನಿಜ, ಆದರೆ ಅಲ್ಲಿರುವುದು ಯುರೋಪಿನ ಸಂತರ ಕಥೆ.

ಇಪ್ಪತ್ತನೆಯ ಶತಮಾನದಲ್ಲಿ ಆಫ್‌ಸೆಟ್ ಮುದ್ರಣ ಬಂದಿತು, ಶಿವಕಾಶಿಯ ಕಾರ್ಡುಗಳು ಅಂಗಡಿಗಳನ್ನು ತುಂಬಿದವು. ಇಲ್ಲಿ ಲೆಕ್ಕಾಚಾರದ ಪ್ರಶ್ನೆಯಿದೆ. ಬಣ್ಣದ ಅಚ್ಚಿಗೆ ಆರಂಭದ ಖರ್ಚು ಹೆಚ್ಚು. ಸಾವಿರಾರು ಪ್ರತಿ ಹೊಡೆದರೆ ಮಾತ್ರ ಒಂದೊಂದರ ಬೆಲೆ ಇಳಿಯುತ್ತದೆ. ಗುಲಾಬಿ ಹೂವು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಮಾರಾಟವಾಗುತ್ತದೆ. ಬಿಕರ್ನಕಟ್ಟೆಯ ಚಿತ್ರಕ್ಕೆ ಬಿಕರ್ನಕಟ್ಟೆಯವರೇ ಗಿರಾಕಿಗಳು. ಯಾವ ವ್ಯಾಪಾರಿ ಮುಂದೆ ಬಂದಾನು? ಹೀಗೆ ಸ್ವಂತ ಊರಿನ ಚಿತ್ರವುಳ್ಳ ಕಾರ್ಡು ಕೈಯಿಂದ ಬರೆದವರ ಪಾಲಿಗೆ ಉಳಿಯಿತು: ಚಿತ್ರಕಲಾ ಅಧ್ಯಾಪಕರು, ಹವ್ಯಾಸಿಗಳು, ಶಾಲಾ ಮಕ್ಕಳು.

ಮಕ್ಕಳ ಮಾತು ಬಂದಾಗ ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ‘ಪ್ರಕೃತಿ ದೃಶ್ಯ ಬರೆಯಿರಿ’ ಎಂದರೆ ನೀವೆಲ್ಲ ಬರೆಯುತ್ತಿದ್ದುದು ಒಂದೇ: ಎರಡು ತ್ರಿಕೋನ ಬೆಟ್ಟ, ನಡುವೆ ಉದಯಿಸುವ ಸೂರ್ಯ, ಕೆಳಗೆ ಹೊಳೆ, ಆಕಾಶದಲ್ಲಿ ನಾಲ್ಕು ಹಕ್ಕಿ. ಪ್ರತಿ ಸಂಜೆ ಸಮುದ್ರದಲ್ಲಿ ಮುಳುಗುವ ಸೂರ್ಯನನ್ನು ಬಲ್ಲ ಕರಾವಳಿಯ ಮಕ್ಕಳೂ ಹೀಗೆಯೇ ಬರೆಯುತ್ತಿದ್ದರು. ಕಣ್ಣು ಕಂಡದ್ದನ್ನಲ್ಲ, ಕಾರ್ಡು ಮತ್ತು ಕ್ಯಾಲೆಂಡರು ಕಲಿಸಿದ್ದನ್ನು ಕೈ ಬರೆಯುತ್ತಿತ್ತು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಮಗುವಿನ ಚಿತ್ರ ನೆನಪಾಗುತ್ತದೆ. ಎರಡನೆಯ ಮಹಾಯುದ್ಧದ ಬಳಿಕ ಜೆಕೊಸ್ಲೊವಾಕಿಯದ ಒಂದು ಹಳ್ಳಿಗೆ ಯುನಿಸೆಫ್ ನೆರವು ತಲಪಿತು. ಅಲ್ಲಿಯ ಏಳು ವರ್ಷದ ಬಾಲಕಿ ಯಿಟ್ಕಾ ಸಾಮ್ಕೋವಾ ಕೃತಜ್ಞತೆಗಾಗಿ, ಕಾಗದವಿಲ್ಲದ್ದರಿಂದ ಗಾಜಿನ ಮೇಲೆ, ಚಿತ್ರ ಬರೆದಳು. ವಸಂತೋತ್ಸವದ ಕಂಬದ ಸುತ್ತ ಕುಣಿಯುವ ಹುಡುಗಿಯರು, ಮೇಲೆ ಸೂರ್ಯ. 1949ರಲ್ಲಿ ಅದೇ ಯುನಿಸೆಫ್‌ನ ಪ್ರಥಮ ಶುಭಾಶಯ ಪತ್ರವಾಯಿತು. ಆ ಹಳ್ಳಿಯ ಹೆಸರು ಕೇಳದವರಿಗೂ ಆ ಕಂಬ ಅರ್ಥವಾಯಿತು.

ನಮ್ಮಲ್ಲಿಯೂ ಕಂಬಕ್ಕೆ ಕೊರತೆಯೇನಿಲ್ಲ. ಬಿಕರ್ನಕಟ್ಟೆಯ ಮಗ್ಗುಲಿನ ಕೈಕಂಬವೆಂದರೆ ದಾರಿ ತೋರುವ ಕಂಬವೇ. ಕೈಕಂಬ, ಕಟ್ಟೆ, ಮುರಕಲ್ಲಿನ ಬಯಲಾದ ಪದವು: ಇವೆಲ್ಲ ಗುರುತುಗಳೇ ಹೆಸರುಗಳಾಗಿ ನಿಂತವು. ಜನವರಿ 14ರಂದು ಉತ್ಸವ ನಡೆಯುವ ಕಾರ್ಮೆಲ್ ಗುಡ್ಡದ ಬಾಲಯೇಸುವಿನ ಪುಣ್ಯಕ್ಷೇತ್ರ, 1873ರ ಕುಲಶೇಖರದ ಹೋಲಿ ಕ್ರಾಸ್ ಇಗರ್ಜಿ ಮುಂತಾದ ದೊಡ್ಡ ಗುರುತುಗಳ ಛಾಯಾಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಸಣ್ಣವುಗಳ ಪಾಡೇ ಬೇರೆ. ಮೂಡುಬಿದಿರೆಯ ಕಡೆಗೆ ಹೋಗುವ ಈ ರಸ್ತೆ, ಅಂದರೆ ಹಿಂದಿನ 13ನೆಯ, ಈಗಿನ 169ನೆಯ ರಾಷ್ಟ್ರೀಯ ಹೆದ್ದಾರಿ, ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ಸುಮಾರು 45 ಕಿ.ಮೀ. ಉದ್ದಕ್ಕೆ ಚತುಷ್ಪಥವಾಗಿಸುವ ಯೋಜನೆಗೆ ಒಳಪಟ್ಟಿತು. ಮರಗಳು ಉರುಳಿದವು, ಗುಡ್ಡಗಳು ಕರಗಿದವು. ರಸ್ತೆ ಬೇಡವೆಂದು ನಾನು ಹೇಳಲಾರೆ. ಬಸ್ಸಿನಲ್ಲಿ ನೇತಾಡಿಕೊಂಡು ಶಾಲೆಗೆ ಹೋದವರಿಗೆ ಅದರ ಬೆಲೆ ಗೊತ್ತು. ಆದರೆ ಹೋದ ಮರದ ನೆರಳು ಎಲ್ಲಿಯವರೆಗೆ ಬೀಳುತ್ತಿತ್ತು, ಅದರ ಬುಡದ ಅಂಗಡಿ ಯಾವ ದಿಕ್ಕಿಗೆ ಮುಖಮಾಡಿತ್ತು ಎಂಬುದನ್ನು ಸರ್ವೇ ನಕ್ಷೆಯಿಂದ ತಿಳಿಯಲಾಗದು. ಜಲವರ್ಣದ ಸಾಧಾರಣ ಕಾರ್ಡೊಂದು ತಿಳಿಸಬಲ್ಲುದು.

ನಿಮ್ಮಲ್ಲಿ ಯಾರ ಮನೆಯ ಟ್ರಂಕಿನಲ್ಲಾದರೂ ಕೈಯಲ್ಲಿ ಬರೆದ ಇಂತಹ ಕಾರ್ಡು ಇದ್ದರೆ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೆಲ್ಲಗೆ ಬರೆದಿಡಿ: ಯಾವ ಜಾಗ, ಯಾವ ವರ್ಷ, ಬರೆದವರು ಎಲ್ಲಿ ಕುಳಿತು ನೋಡಿದರು. ಬಾಲ್ ಪೆನ್ ಬೇಡ, ಅದರ ಒತ್ತು ಚಿತ್ರದ ಬದಿಗೆ ಮೂಡುತ್ತದೆ.